ಇಂಡಿಗೋ ಬೀದಿಯ ತಿರುವು

ಸೀಟಿನ ಮೇಲೆ ನೀರು ಸುರಿದು ಅದು ಆರುವುದರೊಳಗೆ ಹತ್ತಿ ಕೂತುಬಿಡಬೇಕು. ಇದು ಹೃಷಿಕೇಶ ಸ್ವಂತ ಅನುಭವದಿಂದ ಕಂಡುಕೊಂಡ ಸತ್ಯ. ಜುಬೈಲಿನ ಜೂನ್ ತಿಂಗಳ ಬಿಸಿಲಿನಲ್ಲಿ ಸೈಕಲ್ಲಿನ ಸೀಟು ಬೆಳಗಿನ ಹೊತ್ತಿಗೇ ದೋಸೆ ಕಾವಲಿಯ ಹದಕ್ಕೆ ಬಂದಿರುತ್ತಿತ್ತು. ಹ್ಯಾಂಡಲ್ಲಿನ ರಬ್ಬರು ಅಂಗೈಗೆ ಅಂಟಿಕೊಂಡು ಬರುತ್ತಿತ್ತು. ಬಣ್ಣದ ಕಂಪೆನಿಗಳಿಗೆ ರಾಳ ತಯಾರಿಸಿ ಕೊಡುವ ಆ ಕಾರ್ಖಾನೆಯಲ್ಲಿ ಸೈಕಲ್ಲಿನ ಬಗ್ಗೆ ಇಷ್ಟು ಆಳವಾದ ಜ್ಞಾನ ಇನ್ನೊಬ್ಬ ಇಂಜಿನಿಯರಿಗೆ ಇರಲಿಲ್ಲ, ಯಾಕೆಂದರೆ ಇನ್ನೊಬ್ಬ ಇಂಜಿನಿಯರು ಸೈಕಲ್ ಮುಟ್ಟುತ್ತಿರಲಿಲ್ಲ. ಬಾಟಲಿಯ ನೀರು ಸುರಿದು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಸಿಕ್ಕಿಸಿ, ಹೆಲ್ಮೆಟ್ಟು ಸರಿಮಾಡಿಕೊಂಡು ಅವನು ಹತ್ತಿ ಕೂತ. ಹೀಗೆ ಒದ್ದೆಯಾದ ಹಿಂಭಾಗ ಹೊತ್ತು ಕಂಟ್ರೋಲ್ ರೂಮಿಗೆ ಹೋಗಿ ನಿಂತರೆ ಅಲ್ಲಿನ ಫಿಲಿಪೀನಿ ಹುಡುಗರು ಮೊದಲು ಅವನ ಮುಖ ನೋಡಿ, ಆಮೇಲೆ ಪ್ಯಾಂಟು ನೋಡಿ, ಆಮೇಲೆ ಗೋಡೆಯ ಮೀಟರುಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗುತ್ತಿದ್ದರು. ತಿರುವಿನಲ್ಲಿ ಈಜಿಪ್ಟಿನ ಇಂಜಿನಿಯರನ ಬಿಳಿ ಕ್ರೆಸಿಡಾ ಕಾರು ಪಕ್ಕಕ್ಕೆ ಬಂದು ನಿಧಾನಿಸಿತು. ಕಿಟಕಿಯ ಗಾಜು ಎರಡು ಬೆರಳಷ್ಟು ಇಳಿಯಿತು. ಒಳಗಿನ ತಂಪು ಹೃಷಿಕೇಶನ ಮೊಣಕೈಗೆ ಒಂದು ಕ್ಷಣ ತಾಗಿತು. 'ಯಾ ಜರ್ಮನಿ, ಸಬಾಹಲ್ ಖೈರ್!' ಎಂಬ ಬೆಳಗಿನ ನಮಸ್ಕಾರ ಹೊರಬಿದ್ದು ಗಾಜು ಮತ್ತೆ ಮೇಲೇರಿತು. ಹೃಷಿಕೇಶ ನಗುತ್ತಾ ಕೈ ಬೀಸಿದ. ಒಂದು ಕೈ ಬಿಟ್ಟದ್ದಕ್ಕೆ ಸೈಕಲ್ಲು ಎಡಕ್ಕೆ ವಾಲಿತು. ಎಡಕ್ಕಲ್ಲ, ಈ ದೇಶದಲ್ಲೂ ಬಲಕ್ಕೇ ಹೋಗಬೇಕು ಎಂದು ತನಗೆ ತಾನೇ ಹೇಳಿಕೊಂಡ.

'ಜರ್ಮನಿ' ಎನ್ನುವುದು ಕಾರ್ಖಾನೆ ಅವನಿಗೆ ಕೊಟ್ಟ ಹೆಸರು. ಕೊಟ್ಟರು ಎನ್ನುವುದಕ್ಕಿಂತ ಅವನೇ ದುಡಿದು ಸಂಪಾದಿಸಿದ ಎನ್ನಬೇಕು. ಎಂಬತ್ತಾರರಲ್ಲಿ, ಬೆಂಗಳೂರಿನ ಅವನ ಆಗಿನ ಕಂಪೆನಿ ಅವನನ್ನು ಮೂರು ವಾರದ ತರಬೇತಿಗೆಂದು ರೈನ್ ನದಿಯ ದಡದಲ್ಲಿರುವ ಲುಡ್ವಿಗ್ಸ್‌ಹಾಫೆನ್ ಎಂಬ ಊರಿಗೆ ಕಳಿಸಿತ್ತು. ಆ ಮೂರು ವಾರವನ್ನು ಅವನು ಜಾಡಿಯ ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿ ಒಂಬತ್ತು ವರ್ಷ ಎಲ್ಲರ ಎಲೆಗೂ ಬಡಿಸಿದ್ದ. ದಹ್ರಾನಿನ ಕನ್ನಡಿಗರು ಯಾರದೋ ಮನೆಯ ಹಾಲಿನಲ್ಲಿ ಸೇರಿ ಯುಗಾದಿ ಊಟ ಮಾಡುವಾಗ, ಯಾರೂ ಕೇಳದಿದ್ದರೂ, 'ಅದು ಊರಲ್ಲಿರೋ ಕಾರ್ಖಾನೆ ಅಲ್ಲ ಸ್ವಾಮಿ, ಕಾರ್ಖಾನೆಗೋಸ್ಕರ ಹುಟ್ಟಿರೋ ಊರು' ಎಂದು ಶುರುಮಾಡುತ್ತಿದ್ದ. ಕಾರ್ಖಾನೆಯ ಒಳಗೇ ಬೀದಿಗಳು, ಬೀದಿಗಳಿಗೆ ಅಮೋನಿಯಾ ಬೀದಿ, ಅನಿಲಿನ್ ಬೀದಿ, ಇಂಡಿಗೋ ಬೀದಿ ಎಂದು ಹೆಸರುಗಳು. ಅದಕ್ಕೇ ಅಂತ ಅಗ್ನಿಶಾಮಕ ದಳ, ಅದಕ್ಕೇ ಅಂತ ರೈಲು. ಬ್ರೆಡ್ಡಿನ ಅಂಗಡಿಯವಳು ಬಾಗಿಲಿಗೆ ಬಂದು ಮೂಗು ಎತ್ತಿ, ಇವತ್ತು ಗಾಳಿ ಯಾವ ಕಡೆಯದು ಎಂದು ವಾಸನೆಯಿಂದಲೇ ಹೇಳುತ್ತಿದ್ದಳು. ಇನ್ನು ಸಂಜೆಯ ಪಾಳಿ ಬಿಟ್ಟಾಗಿನ ಸೈಕಲ್ಲುಗಳೋ! ಇಲ್ಲಿಗೆ ಬಂದಾಗ ಅವನ ದನಿ ಸ್ವಲ್ಪ ನಡುಗುತ್ತಿತ್ತು. 'ಡೈರೆಕ್ಟರೂ ಸೈಕಲ್ಲೇ, ಕಸ ಗುಡಿಸೋನೂ ಸೈಕಲ್ಲೇ. ಸಾವಿರಾರು. ಒಂದೇ ಒಂದು ಹಾರನ್ ಇಲ್ಲ.' ಕೇಳುವವರು ಅಷ್ಟು ಹೊತ್ತಿಗೆ ಪಾಯಸಕ್ಕೆ ಬಂದಿರುತ್ತಿದ್ದರು.

ಅವನು ಹುಟ್ಟಿದ್ದೂ ಕಾರ್ಖಾನೆಗೋಸ್ಕರ ಬೆಳೆದ ಊರಿನಲ್ಲೇ. ಭದ್ರಾವತಿಯಲ್ಲಿ ಸೈರನ್ ಕೂಗಿದರೆ ಗೇಟಿನಿಂದ ಸೈಕಲ್ಲುಗಳು ಹೊಳೆ ಬಂದ ಹಾಗೆ ಬರುತ್ತಿದ್ದವು, ಹ್ಯಾಂಡಲ್ಲಿಗೆ ಖಾಲಿ ಕ್ಯಾರಿಯರು ತೂಗಿಕೊಂಡು. ಅವುಗಳ ನಡುವೆ ಎಲ್ಲೋ ಒಂದು ಕಡೆ ಅಪ್ಪ, ಕತ್ತಿನ ಮಡಿಕೆಯಲ್ಲಿ ಮಸಿ. ಹೈಸ್ಕೂಲಿನ ಗೆಳೆಯರ ಜೊತೆ, ಅದರಲ್ಲೂ ಆಫೀಸರ ಮಕ್ಕಳ ಜೊತೆ ನಿಂತಿದ್ದಾಗ ಅಪ್ಪ ಕಂಡು ಬೆಲ್ಲು ಬಾರಿಸಿದರೆ ಹೃಷಿಕೇಶ ಬೀದಿಯಾಚೆಯ ಸಿನಿಮಾ ಪೋಸ್ಟರನ್ನು ಓದುತ್ತಿದ್ದ. ಅಪ್ಪ ಇನ್ನೊಮ್ಮೆ ಬಾರಿಸುತ್ತಿರಲಿಲ್ಲ. ಅದೇ ದೃಶ್ಯವನ್ನು ರೈನ್ ದಡದಲ್ಲಿ ಕಂಡಾಗ ಅವನ ಕಣ್ಣು ಒದ್ದೆಯಾಯಿತು, ಇದು ನಾಗರಿಕತೆ ಎನಿಸಿತು. ಎರಡೂ ಕಡೆ ಇದ್ದದ್ದು ದುಡಿದು ಬಳಲಿ ಮನೆಗೆ ಹೊರಟ ಗಂಡಸರ ಸೈಕಲ್ಲೇ ಎಂದು ಹೊಳೆಯುವುದಕ್ಕೆ ಅವನಿಗೆ ಪುರುಸೊತ್ತಾಗಿರಲಿಲ್ಲ.

ಆದರೆ ಸೌದಿಯಲ್ಲಿ ಆ ನಾಗರಿಕತೆ ಅವನ ಮಾನ ಕಾಪಾಡಿತ್ತು. ಬಂದ ವರ್ಷದೊಳಗೆ ಮೆಸ್ಸಿನ ಅಡುಗೆಯವನೂ ಒಂದು ಹಳೇ ಡಾಟ್ಸನ್ ಕೊಳ್ಳುವ ದೇಶದಲ್ಲಿ ಆರು ವರ್ಷದಿಂದ ಕಾರಿಲ್ಲದ, ಲೈಸೆನ್ಸೇ ಇಲ್ಲದ ಇಂಜಿನಿಯರು ಅವನೊಬ್ಬನೇ. ಬಲಬದಿಯ ರಸ್ತೆ ನೆನೆದರೆ ಅವನ ಅಂಗೈ ಬೆವರುತ್ತಿತ್ತು. ಅದನ್ನು ಹೇಳುವ ಬದಲು 'ಜರ್ಮನಿಯಲ್ಲಿ ತಿಳಿದವರು ಯಾರೂ ಕಾರಿಗೆ ಆಸೆಪಡೋದಿಲ್ಲ' ಎನ್ನುತ್ತಿದ್ದ. ಹೀಗೆ ಹೇಳಿ ಹೇಳಿ ಒಂದು ದಿನ, ಇನ್ನೂ ಹವೆ ತಂಪಿದ್ದ ಮಾರ್ಚಿನಲ್ಲಿ, ಕಾರ್ಖಾನೆಯ ಮುದೀರ್, ಅಂದರೆ ದೊಡ್ಡ ಮ್ಯಾನೇಜರು, ನಡೆಸುತ್ತಿದ್ದ ಮೀಟಿಂಗಿನಲ್ಲೂ ಹೇಳಿಬಿಟ್ಟ. ಕಾರ್ಖಾನೆಯೊಳಗೆ ಓಡಾಡಲು ಕೆಂಪು ಸೈಕಲ್ಲುಗಳನ್ನು ತರಿಸಬಹುದು, ಲುಡ್ವಿಗ್ಸ್‌ಹಾಫೆನ್ನಿನ ಹಾಗೆ. ಮುದೀರ್ ಸೌದಿಯವನು, ಅಮೆರಿಕದಲ್ಲಿ ಓದಿದವನು, ಖರ್ಚು ಕಡಿಮೆ ಮಾಡು ಎಂದು ಮೇಲಿನವರಿಂದ ದಿನಾ ಬೈಸಿಕೊಳ್ಳುತ್ತಿದ್ದವನು. ಅವನು ಕೇಳಿದ್ದು ಒಂದೇ ಪ್ರಶ್ನೆ: 'ಹಾಗಾದರೆ ಅಲ್ಲಿ ಬಸ್ಸು ಇರಲಿಲ್ಲವೋ?' ಬಸ್ಸಿನ ವಿಷಯ ಹೃಷಿಕೇಶ ಯೋಚಿಸಿಯೇ ಇರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಸುಖದಲ್ಲಿ, 'ಅಗತ್ಯವೇ ಇರಲಿಲ್ಲ ಸರ್' ಎಂದ.

ಸೈಕಲ್ಲುಗಳು ಬಂದವು. ಕಾರ್ಖಾನೆಯೊಳಗೆ ಗೇಟಿನಿಂದ ಘಟಕಗಳಿಗೆ, ಘಟಕಗಳಿಂದ ಕ್ಯಾಂಟೀನಿಗೆ ಕೆಲಸದವರನ್ನು ಹೊತ್ತು ತಿರುಗುತ್ತಿದ್ದ ಬಿಳಿ ಮಿನಿಬಸ್ಸನ್ನು ಸ್ಟೋರಿನ ಹಿಂದೆ ಒಯ್ದು ನಿಲ್ಲಿಸಿದರು. ಇಂಜಿನಿಯರುಗಳು ಮೊದಲಿನ ಹಾಗೇ ತಂತಮ್ಮ ಕಾರಿನಲ್ಲಿ ಓಡಾಡಿದರು. ಉಳಿದವರು ಒಂದು ವಾರ ಸೈಕಲ್ಲಿನ ಮೇಲೆ ನಗಾಡಿಕೊಂಡು ಹೋಗಿ, ಏಪ್ರಿಲ್ ಕಳೆದ ಮೇಲೆ ನಗು ಬಿಟ್ಟು, ಮೇ ಹೊತ್ತಿಗೆ ಸೈಕಲ್ಲನ್ನೂ ಬಿಟ್ಟು ಪೈಪುಗಳ ನೆರಳು ಹುಡುಕಿಕೊಂಡು ನಡೆಯತೊಡಗಿದರು. ಬಾಂಗ್ಲಾದೇಶದ ಒಬ್ಬ ಹೆಲ್ಪರು ಕೂಲಿಂಗ್ ಟವರಿನ ಹತ್ತಿರ ಬಿಸಿಲು ಬಡಿದು ಬಿದ್ದ. ಆ ಸುದ್ದಿ ಬಂದಾಗ ಹೃಷಿಕೇಶ ತನ್ನ ಕೋಣೆಯಲ್ಲಿ ಎರಡು ಲೋಟ ತಣ್ಣೀರು ಕುಡಿದು, ಮನುಷ್ಯರು ಟೋಪಿ ಯಾಕೆ ಹಾಕುವುದಿಲ್ಲ ಎಂದು ಸಿಟ್ಟುಮಾಡಿಕೊಂಡ. ತನ್ನ ಯೋಜನೆ ಬಿದ್ದುಹೋಗದ ಹಾಗೆ ಅವನು ಮಾತ್ರ ದಿನವೂ ಸೈಕಲ್ ಹತ್ತುತ್ತಿದ್ದ.

ಇವತ್ತು ಸ್ಟೋರಿನ ಹಿಂದಿನ ದಾರಿ ಹಿಡಿಯಬಾರದೆಂದುಕೊಂಡಿದ್ದರೂ ನೆರಳಿನ ಆಸೆಗೆ ಅದೇ ದಾರಿ ಹಿಡಿದ. ಮೂಸಾ ಅಲ್ಲಿದ್ದ. ಓಡದ ಬಸ್ಸಿನ ಗಾಜು ಒರೆಸುತ್ತಿದ್ದ. ಬಿ.ಸಿ. ರೋಡಿನ ಮೂಸಾ ಒಂದು ಕಾಲದಲ್ಲಿ ಮಂಗಳೂರು–ಉಪ್ಪಿನಂಗಡಿ ಸರ್ವೀಸ್ ಬಸ್ ಬಿಟ್ಟವನು. ಇಲ್ಲಿಗೆ ಬಂದ ಮೇಲೂ ಆ ಬಸ್ಸಿನ ಪದ್ಧತಿ ಬಿಟ್ಟಿರಲಿಲ್ಲ. ತಗಡಿಗೆ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು ಎಂಬುದನ್ನು ಅವನು ಫಿಲಿಪೀನಿಗಳಿಗೂ ಪಠಾಣರಿಗೂ ಕಲಿಸಿದ್ದ. ಕೊಲ್ಲಿ ಯುದ್ಧದ ಚಳಿಗಾಲದಲ್ಲಿ, ಕ್ಷಿಪಣಿ ಬರುತ್ತದೆ ಎಂದು ಸೈರನ್ ಕೂಗಿದಾಗಲೆಲ್ಲ, ಕಾರಿದ್ದವರು ಕಾರು ಹತ್ತಿ ಹೋದ ಮೇಲೆ ಕಾರಿಲ್ಲದ ಹೃಷಿಕೇಶನ ಮನೆ ಬಾಗಿಲಿಗೆ ಇದೇ ಬಸ್ಸು ಬಂದು ನಿಲ್ಲುತ್ತಿತ್ತು. 'ಅಕ್ಕ, ಹೆದರಬೇಡಿ, ಹತ್ತಿ' ಎಂದು ಮೂಸಾ ಹೃಷಿಕೇಶನ ಹೆಂಡತಿ ವರ್ಷಾಳಿಗೆ ಬಾಗಿಲು ಸರಿಸಿಕೊಡುತ್ತಿದ್ದ. ಈಗ ಅವನು ಒರೆಸುವ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡ.

'ಎಂತ ಸಾರ್, ಜರ್ಮನಿಯವ ನಾಳೆ ಬರುವುದಂತೆ?'

'ಹೌದು ಮೂಸಾ. ಡಾಕ್ಟರ್ ಕ್ರೆಮರ್ ಅಂತ. ಅದೇ ಊರಿನವರು.'

'ಮುದೀರ್ ಹತ್ರ ನಾನು ಹೋಗಿದ್ದೆ ಸಾರ್. ಜರ್ಮನಿಯವ ಬರಲಿ, ಅವರಲ್ಲಿ ಹೇಗೆ ಉಂಟೋ ಇಲ್ಲಿಯೂ ಹಾಗೆ ಮಾಡುವ ಅಂತ ಹೇಳಿದ್ರು. ಬಸ್ ಬೇಕು ಅಂತಾದ್ರೆ ಇಲ್ಲಿ ಇರ್ಲಿಕ್ಕೆ ನನ್ನ ಇಕಾಮಾ ರಿನ್ಯೂ ಮಾಡ್ತಾರೆ. ಬೇಡ ಅಂತಾದ್ರೆ ಈ ತಿಂಗಳಿಗೆ ಎಕ್ಸಿಟ್, ಸೀದಾ ಊರಿಗೆ.' ಮೂಸಾ ನಕ್ಕ; ನಗಬೇಕಾದ ಮಾತಲ್ಲವೆಂದು ನಡುವೆ ನೆನಪಾದಂತೆ ನಿಲ್ಲಿಸಿದ. 'ಮಗಳು ಹಫ್ಸಾನನ್ನು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿಸಿದ್ದು ಮೊನ್ನೆ ಮೊನ್ನೆ. ಇನ್ನೆರಡು ವರ್ಷ ನಿಂತ್ರೆ ಅವಳದ್ದು ಮುಗೀತದೆ. ನೀವೊಂದು ಮಾತು ಹೇಳಿ ಸಾರ್. ಅಷ್ಟು ದೊಡ್ಡ ಕಾರ್ಖಾನೆ, ಒಂದು ಬಸ್ ಇಲ್ಲದೆ ಇರ್ತದಾ ಮಾರಾಯ್ರೆ? ನೀವು ಕಣ್ಣಾರೆ ನೋಡಿದ್ದೀರಲ್ಲ.'

'ನೋಡೋಣ ಮೂಸಾ' ಎಂದ ಹೃಷಿಕೇಶ. ನೋಡೋಣ ಎಂಬ ಮಾತನ್ನು ಅವನು ಹಾಗೆಯೇ ಬಳಸುತ್ತಿದ್ದುದು, ನೋಡುವುದು ಬೇಡ ಎಂದಿದ್ದಾಗ.

ಕಣ್ಣಾರೆ ನೋಡಿದ್ದ. ನೋಡದೇನು. ಮೊದಲ ದಿನವೇ ಅಲ್ಲಿನ ಮೇಸ್ತ್ರಿ, ಬಿಳಿ ಮೀಸೆಯವನು, ಅವನಿಗೊಂದು ಕೆಂಪು ಸೈಕಲ್ಲು ಕೊಟ್ಟು ಬೆನ್ನು ತಟ್ಟಿದ್ದ. ಭದ್ರಾವತಿಯ ಹುಡುಗನಿಗೆ ಸೈಕಲ್ಲು ಬರುವುದಿಲ್ಲವೆ? ಠೀವಿಯಿಂದಲೇ ಹೊರಟ. ಇಂಡಿಗೋ ಬೀದಿಯ ತಿರುವು ಬಂತು. ತಿರುಗಿದ ಕೂಡಲೇ ಅವನ ಮೈ, ಅವನನ್ನು ಕೇಳದೆಯೇ, ರಸ್ತೆಯ ಎಡಕ್ಕೆ ಹೋಯಿತು. ಹುಟ್ಟಿದಾಗಿನಿಂದ ಹೋದ ಎಡಕ್ಕೆ. ಎದುರಿಗೆ ಸೈಕಲ್ಲುಗಳು, ಸಾಲು ಸಾಲು, ಅವನ ಕಡೆಗೇ. ಬಲಕ್ಕೆ ಎಳೆದ. ಮುಂದಿನ ಗಾಲಿ ರಸ್ತೆಯಲ್ಲಿ ಹೂತ ರೈಲು ಹಳಿಯ ಸಂದಿಗೆ ಇಳಿದು ಕಚ್ಚಿಕೊಂಡಿತು. ಅವನು ಹ್ಯಾಂಡಲ್ಲಿನ ಮೇಲಿಂದ ಹಾರಿ ಬಿದ್ದ. ಹೆಲ್ಮೆಟ್ಟು ಉರುಳಿಕೊಂಡು ಬಹಳ ದೂರ ಹೋಯಿತು, ಅದರ ಸದ್ದು ನಿಲ್ಲುವುದೇ ಇಲ್ಲವೇನೋ ಎನ್ನುವ ಹಾಗೆ. ಇಡೀ ಬೀದಿ ಕಾಲು ಊರಿ ನಿಂತಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ತಾನೂ ನಕ್ಕು ಎದ್ದುಬಿಡಬಹುದಿತ್ತು. ಒಬ್ಬ ಹುಡುಗ ಹೆಲ್ಮೆಟ್ಟು ತಂದು ಒರೆಸಿ ಕೊಟ್ಟ. ಮೇಸ್ತ್ರಿ ಬಂದು, ಅವನ ಮಂಡಿಯ ಧೂಳು ಕೊಡವಿ, ಸೈಕಲ್ಲನ್ನು ತಾನೇ ತಳ್ಳಿಕೊಂಡು, ಅವನನ್ನು ಕೈಹಿಡಿದು ಬಸ್‌ಸ್ಟಾಪಿಗೆ ಕರೆದೊಯ್ದ. ಬಸ್ಸು ಬಂತು. ಮೇಸ್ತ್ರಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ, ಶಾಲೆಗೆ ಹೊಸದಾಗಿ ಸೇರಿಸಿದ ಮಗುವಿನ ಬಗ್ಗೆ ಹೇಳುವ ಹಾಗೆ. ಆಮೇಲೆ ಮೂರು ವಾರವೂ ಅವನು ಆ ಬಸ್ಸಿನಲ್ಲೇ ಓಡಾಡಿದ. ಸೈಕಲ್ಲುಗಳ ಆ ಮಹಾ ಹೊಳೆಯನ್ನು ಅವನು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ.

ಸಂಜೆ ವರ್ಷಾ ಅವನ ಪ್ಯಾಂಟಿನ ಹಿಂಭಾಗದ ಉಪ್ಪಿನ ಕಲೆಯನ್ನು ಬ್ರಷ್ಷಿನಿಂದ ಉಜ್ಜುತ್ತಾ, 'ನಾಳೆ ಆ ಡಾಕ್ಟರ್ ಮುಂದೆ ಒಣಗಿದ ಪ್ಯಾಂಟಲ್ಲಿ ನಿಂತ್ಕೊಳ್ಳಿ' ಎಂದಳು. ಸೆಕ್ಷನ್ ಹೆಡ್ಡಿನ ಜಾಗ ಖಾಲಿಯಿತ್ತು. ಮುದೀರ್ ಸುಮಾರಾಗಿ ಮಾತು ಕೊಟ್ಟಿದ್ದ. ಆ ಜಾಗಕ್ಕೆ ಕಂಪೆನಿಯ ವಾಹನ ಬರುತ್ತದೆ. ಹೆಂಗಸರು ಕಾರು ಬಿಡುವಂತಿಲ್ಲದ ದೇಶದಲ್ಲಿ ವರ್ಷಾಳ ಲೋಕವೆಂದರೆ ಯಾರಾದರೂ ಕರೆದುಕೊಂಡು ಹೋದಷ್ಟು ದೂರ. 'ಆರು ವರ್ಷದಿಂದ ಬೇರೆಯವರ ಕಾರಿನ ಹಿಂದಿನ ಸೀಟಲ್ಲಿ ಕೂತು, ಅವರ ಹೆಂಡ್ತಿ ಬೇಡ ಅಂದ ಅಂಗಡಿ ನಂಗೂ ಬೇಡ ಅಂತ ತಲೆ ಆಡಿಸ್ತಾ ಇದೀನಿ' ಎಂದಳು. ಬೇಸರದ ದನಿಯೇನಲ್ಲ, ಅಭ್ಯಾಸವಾದ ದನಿ. ಆಮೇಲೆ ಬ್ರಷ್ಷು ನಿಲ್ಲಿಸಿ, 'ಮೂಸಾ ವಿಷಯ ಹೇಳ್ತೀರಿ ತಾನೆ?' ಎಂದಳು.

'ಸಂದರ್ಭ ಬಂದ್ರೆ ಹೇಳೋಣ.'

'ಸಂದರ್ಭ ಏನ್ ಬರೋದು? ಅಲ್ಲಿ ಬಸ್ಸಿತ್ತೋ ಇಲ್ವೋ, ಅಷ್ಟು ಹೇಳಿ ನಂಗೆ.'

'ಇತ್ತು ಅಂತ ಕಾಣತ್ತೆ.'

'ಕಾಣತ್ತೆ ಅಂದ್ರೇನ್ರೀ! ಆ ಊರಿನ ಕಸದ ತೊಟ್ಟಿ ಬಣ್ಣ ಹೇಳ್ತೀರಿ, ಬ್ರೆಡ್ ಮಾರೋಳ ಮೂಗು ಹೇಗಿತ್ತು ಅಂತ ಹೇಳ್ತೀರಿ. ಇಷ್ಟು ದೊಡ್ಡ ಬಸ್ಸು ಮಾತ್ರ ಕಾಣತ್ತೆ ಅಂತೀರಲ್ಲ.'

ಅವಳಿಗೆ ಹೇಳಿಬಿಡಬಹುದಿತ್ತು. ಅವಳು ಮೊದಲು ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆಮೇಲೆ ಮಂಡಿಗೆ ಪೆಟ್ಟಾಯಿತೇ ಎಂದು ಕೇಳುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ವಿಮಾನದಿಂದ ಇಳಿದ ದಿನವೇ ಹೇಳಿದ್ದರೆ ಅದು ಒಳ್ಳೆಯ ತಮಾಷೆಯಾಗಿ ಮುಗಿಯುತ್ತಿತ್ತು. ಈಗ ಅದರ ಮೇಲೆ ಒಂದೊಂದೇ ಸೈಕಲ್ಲು ಪೇರಿಸಿ ಇಟ್ಟಾಗಿದೆ. ಅವನು ತಲೆನೋವು ಎಂದು ಹೇಳಿ ಕಣ್ಣು ಮುಚ್ಚಿದ. ನಾಳೆ ಹೇಳುತ್ತೇನೆ, ಖಂಡಿತ ಹೇಳುತ್ತೇನೆ ಎಂದುಕೊಂಡ. ಆ ನಿರ್ಧಾರದಿಂದ ಅವನ ಮೇಲೆ ಅವನಿಗೇ ಎಷ್ಟು ಗೌರವ ಹುಟ್ಟಿತೆಂದರೆ, ಹೇಳಿಯೇ ಆಯಿತೇನೋ ಎಂಬ ಸಮಾಧಾನದಿಂದ ನಿದ್ದೆ ಬಂತು.

ಡಾಕ್ಟರ್ ಕ್ರೆಮರ್ ಎತ್ತರದ, ಕೆಂಪು ಕಿವಿಗಳ ಮನುಷ್ಯ. ರಾಳ ತಯಾರಿಕೆಗೆಂದು ತನ್ನ ಕಂಪೆನಿ ಮಾಡಿದ ಹೊಸ ವೇಗವರ್ಧಕವನ್ನು ಮಾರಲು ಬಂದಿದ್ದ. ಗೇಟಿನಿಂದ ಆಫೀಸಿಗೆ ಎ.ಸಿ. ಕಾರಿನಲ್ಲಿ ಬರುವ ದಾರಿಯಲ್ಲಿ ಅವನಿಗೆ ಕಾಣಲೆಂದು ಹೃಷಿಕೇಶ ಬೆಳಿಗ್ಗೆಯೇ ಕೆಂಪು ಸೈಕಲ್ಲುಗಳನ್ನು ತೊಳೆಸಿ ಸಾಲಾಗಿ ನಿಲ್ಲಿಸಿದ್ದ. ಕಂಡವು. ಕ್ರೆಮರ್ ಕೋಣೆಗೆ ಬಂದು ಕೂತು, ಕಾಫಿಯ ಪುಟ್ಟ ಬಟ್ಟಲು ಹಿಡಿದುಕೊಂಡು ಮೊದಲು ಎತ್ತಿದ ಮಾತೇ ಅದು. 'ಹೊರಗೆ ಸೈಕಲ್ಲುಗಳಿವೆ. ಈ ಬಿಸಿಲಿನಲ್ಲಿ ಅದನ್ನು ಯಾರು ಹತ್ತುತ್ತಾರೆ?' ಎಂದು ನಕ್ಕ. ಮುದೀರ್ ಹೆಮ್ಮೆಯಿಂದ ಹೃಷಿಕೇಶನ ಕಡೆ ಕೈ ತೋರಿಸಿದ. 'ಎಲ್ಲ ನಿಮ್ಮ ಊರಿನಿಂದ ಕಲಿತದ್ದು. ನಮ್ಮ ಹೃಷಿ ನಿಮ್ಮಲ್ಲಿ ತರಬೇತಿ ಪಡೆದವನು. ನಿಮ್ಮಲ್ಲಿ ಬಸ್ಸಿನ ಅಗತ್ಯವೇ ಇಲ್ಲವಂತೆ.'

'ಬಸ್ಸಿದೆಯಲ್ಲ' ಎಂದ ಕ್ರೆಮರ್. 'ಮಳೆಗೆ, ಹಿಮಕ್ಕೆ, ವಯಸ್ಸಾದವರಿಗೆ. ಇಷ್ಟು ಸೆಕೆಯಿದ್ದರೆ ನಾವು ಬಸ್ಸನ್ನೇ ಇಡುತ್ತಿದ್ದೆವು.' ಆಮೇಲೆ ಹೃಷಿಕೇಶನ ಮುಖವನ್ನೇ ನೋಡತೊಡಗಿದ. ಯಾವ ವರ್ಷ ಬಂದದ್ದು ಎಂದು ಕೇಳಿದ. ಎಂಬತ್ತಾರು ಎಂದಾಗ ಅವನ ಕಿವಿಗಳು ಇನ್ನಷ್ಟು ಕೆಂಪಾದವು. 'ಆಗ ನಾನು ತರಬೇತಿ ವಿಭಾಗದಲ್ಲೇ ಇದ್ದೆ. ಒಬ್ಬ ಭಾರತೀಯರು ಬಂದಿದ್ದರು, ಬಹಳ ಒಳ್ಳೆಯವರು. ಪಾಪ, ಇಂಗ್ಲಿಷರ ಹಾಗೆ ಎಡಗಡೆ ಸೈಕಲ್ ಬಿಟ್ಟು ಇಂಡಿಗೋ ಬೀದಿಯಲ್ಲಿ ಬಿದ್ದುಬಿಟ್ಟರು. ಅವರನ್ನು ನಾವು ಬಸ್ಸಿಗೆ ಹಾಕಿದೆವು. ನೀವೇ ಅಲ್ಲವೆ ಅದು?'

ಈಗ ಕೋಣೆಯಲ್ಲಿದ್ದವರು ನಕ್ಕರು. ಅಂದು ನಗದೆ ಉಳಿಸಿಕೊಂಡಿದ್ದ ನಗುವೆಲ್ಲ ಇಷ್ಟು ವರ್ಷ ತಡವಾಗಿ ಬಂದು ಮುಟ್ಟಿದಂತಿತ್ತು. ಈಜಿಪ್ಟಿನವನು ತೊಡೆ ತಟ್ಟಿಕೊಂಡ. ಮುದೀರನೂ ನಗುತ್ತಲೇ, ಆದರೆ ಕೆಲಸದ ಮಾತು ಬಿಡದವನಾದ್ದರಿಂದ, 'ಹೇಳು ಹೃಷಿ, ನೀನು ಅಲ್ಲಿ ಬಸ್ಸಿನಲ್ಲಿ ಓಡಾಡಿದೆಯೋ? ಓಡಾಡಿದ್ದರೆ ನಾಳೆಯೇ ನಮ್ಮ ಬಸ್ಸನ್ನೂ ಹೊರಗೆ ತೆಗೆಸುತ್ತೇನೆ. ಜರ್ಮನರಿಗಿಂತ ಹೆಚ್ಚು ಜರ್ಮನರಾಗುವುದು ನಮಗೆ ಬೇಕಿಲ್ಲ' ಎಂದ. ಒಂದು ಹೌದು ಸಾಕಿತ್ತು. ಅಷ್ಟು ಸಣ್ಣ ಮಾತು. ಹೃಷಿಕೇಶನ ಬಾಯಲ್ಲಿ ಅದು ಬಂದು ಕೂತಿತ್ತು ಕೂಡ. ನಾಲಗೆಗೆ ಅದರ ಉಪ್ಪು ತಗುಲಿತ್ತು. ಮೂಸಾನ ಹೆಗಲ ಮೇಲಿನ ಒದ್ದೆ ಬಟ್ಟೆ ಕಂಡಿತು, ಕಾಣದ ಹಫ್ಸಾ ಕಂಡಳು, ಬೆಲ್ಲು ಬಾರಿಸಿ ಸುಮ್ಮನಾದ ಅಪ್ಪ ಕಂಡರು. ಜೊತೆಗೆ ಈಜಿಪ್ಟಿನವನ ತೆರೆದ ಬಾಯಿಯೂ ಕಂಡಿತು, ಒಳಗಿನ ಬಂಗಾರದ ಹಲ್ಲು ಸಮೇತ. ಆ ಬಾಯಿಗೆ ಸೋಲಬಾರದು ಎನಿಸಿತು.

'ಇಲ್ಲ ಸರ್. ನಾನು ಸೈಕಲ್ಲಿನಲ್ಲೇ ಓಡಾಡಿದ್ದು' ಎಂದ. ದನಿ ನಡುಗಲಿಲ್ಲ. 'ಬಿದ್ದವರು ಬಾಂಬೆ ಕಡೆಯವರಿರಬೇಕು. ಅವರ ಹೆಸರು ನನಗೆ ನೆನಪಿಲ್ಲ.'

ಕ್ರೆಮರ್ ಒಂದು ಗಳಿಗೆ ತಲೆ ಓರೆ ಮಾಡಿದ. ಅವನ ಕಣ್ಣಿನಲ್ಲಿ ಗುರುತು ಆರಿರಲಿಲ್ಲ. ಆದರೆ ಅವನು ಬಂದದ್ದು ವೇಗವರ್ಧಕ ಮಾರಲು, ಬಸ್ಸಿನ ವಾದ ಗೆಲ್ಲಲು ಅಲ್ಲ. 'ಹೌದು, ಬೇರೆ ಯಾರೋ ಇರಬೇಕು' ಎಂದು ಅತ್ಯಂತ ಸಭ್ಯವಾಗಿ ಹೇಳಿ ತನ್ನ ಚೀಲ ತೆರೆದ. ಆ ಸಭ್ಯತೆ ಹೃಷಿಕೇಶನಿಗೆ ಗೊತ್ತಿತ್ತು. ಹೆಲ್ಮೆಟ್ಟು ಒರೆಸಿ ಕೊಟ್ಟ ಹುಡುಗನ ಸಭ್ಯತೆಯೂ ಇದೇ ಆಗಿತ್ತು.

ಸ್ಥಿರ ಬುದ್ಧಿಯ ಮನುಷ್ಯ ಎಂದು ಮುದೀರನಿಗೆ ಮೆಚ್ಚುಗೆಯಾಗಿ ಸೆಕ್ಷನ್ ಹೆಡ್ಡಿನ ಆದೇಶ ಅದೇ ವಾರ ಬಂತು. ವಾಹನವೂ ಬಂತು. ಹೊಸ ಕಾರು ಕೊಳ್ಳಲು ಮೇಲಿನವರು ಒಪ್ಪಲಿಲ್ಲವಾದ್ದರಿಂದ, ಸ್ಟೋರಿನ ಹಿಂದೆ ಸುಮ್ಮನೆ ನಿಂತಿದ್ದ ಬಿಳಿ ಮಿನಿಬಸ್ಸನ್ನೇ ಸೆಕ್ಷನ್ ಹೆಡ್ಡಿನ ಸ್ವಂತ ಉಪಯೋಗಕ್ಕೆ ಕೊಡಲಾಯಿತು. ಅದು ಮನೆಯ ಮುಂದೆ ಬಂದು ನಿಂತಾಗ ವರ್ಷಾ ಬಾಗಿಲಿಗೆ ಬಂದು, ಅದನ್ನೂ ಅವನನ್ನೂ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. 'ಹದಿನಾಲ್ಕು ಸೀಟು! ಯಾವುದರಲ್ಲಿ ಕೂರ್ಲಿ ಹೇಳಿ' ಎಂದಳು. ನಗು ಇಳಿದ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು, 'ಮತ್ತೆ ಮೂಸಾ?' ಹೃಷಿಕೇಶ ಕೀಲಿಯ ಗೊಂಚಲನ್ನು ನೋಡುತ್ತಾ, 'ಏನ್ ಮಾಡೋಣ, ಕೇಳ್ಲಿಲ್ಲ ಅವರು' ಎಂದ. ಅವಳು ಒಳಗೆ ಹೋದಳು.

ವಾಹನವಿತ್ತು, ಬಿಡಲು ಬರುತ್ತಿರಲಿಲ್ಲ. ಕಲಿಸುವುದಕ್ಕೆ ಇದ್ದವನು ಒಬ್ಬನೇ. ಊರಿಗೆ ಹೋಗುವ ತನಕ ಮೂಸಾ ದಿನವೂ ಸಂಜೆ ಬಂದು ಕಾರ್ಖಾನೆಯ ಬೇಲಿಯ ಒಳಗಿನ ರಸ್ತೆಯಲ್ಲಿ ಅವನಿಗೆ ಪಾಠ ಹೇಳಿದ. ಕೊನೆಯ ಪಾಠದ ದಿನ, ಮರುದಿನ ದಮ್ಮಾಮಿನಿಂದ ಬಸ್ಸು, ರಿಯಾದಿನಿಂದ ವಿಮಾನ, ಎನ್ನುವಾಗಲೂ ಬಂದ. ಕ್ಷೌರ ಮಾಡಿಸಿಕೊಂಡು, ಊರಿಗೆ ಹೋಗುವವನ ಹೊಸ ಅಂಗಿ ತೊಟ್ಟುಕೊಂಡು. 'ಬಲಕ್ಕೆ ಹಿಡೀರಿ ಸಾರ್, ಇನ್ನೂ ಬಲಕ್ಕೆ. ನಿಮ್ಮ ಕೈ ಎಡಕ್ಕೇ ಹೋಗ್ತದೆ, ಎಂತ ಅದು!' ಎಂದು ಸ್ಟಿಯರಿಂಗಿಗೆ ಒಂದು ಬೆರಳು ತಾಗಿಸಿ ಸರಿಮಾಡಿದ. ಬಸ್ಸು ಸರಿಯಾದ ಬದಿಗೆ ಬಂದ ಮೇಲೆ ಹೇಳಿದ: 'ನೀವು ಮೀಟಿಂಗಲ್ಲಿ ಹೇಳಿದ್ದು ನನಗೆ ಗೊತ್ತುಂಟು ಸಾರ್. ಚಾ ಕೊಡುವವ ಹೇಳಿದ, ಬಸ್ಸಿನ ಮಾತು ಬಹಳ ಹೊತ್ತು ಬಂತು ಅಂತ. ನೀವು ಅಲ್ಲಿ ಸೈಕಲ್ಲಿನಲ್ಲೇ ಹೋಗ್ತಿದ್ದದ್ದಂತೆ; ಮತ್ತೆ ಅವರು ಕೇಳದಿದ್ರೆ ನಿಮಗೆ ಎಂತ ಮಾಡ್ಲಿಕ್ಕೆ ಆಗ್ತದೆ. ನೀವು ಹೇಳಿದ್ರಲ್ಲ, ನನಗೆ ಅದು ಸಾಕು.'

ಹೃಷಿಕೇಶ 'ಹೂಂ' ಎಂದ. ಬೇರೆ ಏನೂ ಹೇಳಲಾಗದಷ್ಟು ರಸ್ತೆಯ ಕಡೆ ಗಮನವಿದೆ ಎಂಬಂತೆ ಮುಖ ಮಾಡಿಕೊಂಡ.

ಪಾಳಿ ಬಿಟ್ಟಿತ್ತು. ರಿಯಾಕ್ಟರಿನ ಕಡೆಯಿಂದ ಗುಂಪಾಗಿ ನಡೆದು ಬರುತ್ತಿದ್ದವರು ಬಿಳಿ ಬಸ್ಸು ಕಂಡು, ಹಳೆಯ ಅಭ್ಯಾಸದಿಂದ ಕೈ ಎತ್ತಿದರು. 'ನಿಲ್ಲಿಸಿ ಸಾರ್' ಎಂದ ಮೂಸಾ, ಅದೂ ಅಭ್ಯಾಸದಿಂದಲೇ. ಹೃಷಿಕೇಶ ಬ್ರೇಕಿನ ಮೇಲೆ ನಿಂತೇಬಿಟ್ಟ. ಮೂಸಾ ಹಿಂದಕ್ಕೆ ಕೈ ಚಾಚಿ ಬಾಗಿಲು ಸರಿಸಿದ. ಬೆವರು, ರಾಳ, ಬಿಸಿ ಬೂಟುಗಳ ವಾಸನೆಯೊಂದಿಗೆ ಜನ ಹತ್ತಿ ಕೂತರು. 'ಮೂಸಾ ಭಾಯ್' ಎಂದು ಅವನ ಬೆನ್ನು ತಟ್ಟಿದರು. ಡ್ರೈವರಿನ ಸೀಟಿನಲ್ಲಿ ಜರ್ಮನಿಯನ್ನು ಕಂಡು ಗಪ್‌ಚಿಪ್ಪಾದರು. ಆಮೇಲೆ ಹಿಂದಿನಿಂದ ಯಾರೋ ತಗಡಿಗೆ ಎರಡು ಸಲ ತಟ್ಟಿದರು. 'ಹೊರಡಿ ಸಾರ್' ಎಂದ ಮೂಸಾ. ಬಸ್ಸು ಹೊರಟಿತು. ಬಲಕ್ಕೆ ಹಿಡಿದು, ಕನ್ನಡಿ ನೋಡಿ, ಗೇರು ಬದಲಿಸಿ. ಇದೇ ಮೊದಲ ಸಲ ಎಲ್ಲ ತಾನಾಗಿ ಆಗುತ್ತಿತ್ತು. ತನ್ನ ಹಿಂದೆ ಇಷ್ಟು ಜನ ನೆರಳಿನಲ್ಲಿ ಕೂತಿದ್ದಾರೆ ಎನಿಸಿ ಹೃಷಿಕೇಶನ ಎದೆ ಹಗುರವಾಯಿತು. ಎಷ್ಟೋ ತಿಂಗಳಿನಿಂದ ಅವನಿಗೆ ಅಷ್ಟು ಸುಖವಾಗಿರಲಿಲ್ಲ.

'ಜರ್ಮನಿಯಲ್ಲಿಯೂ ಹೀಗೆ ತಟ್ಟುವುದುಂಟಾ ಸಾರ್, ಬಸ್ಸಿಗೆ?' ಎಂದು ಮೂಸಾ ನಗುತ್ತಾ ಕೇಳಿದ.

'ಇಲ್ಲಪ್ಪ. ಅಲ್ಲಿ ಕಿಟಕಿ ಪಕ್ಕ ಒಂದು ಗುಂಡಿ ಇತ್ತು' ಎಂದ ಹೃಷಿಕೇಶ, ಕಣ್ಣು ರಸ್ತೆಯ ಮೇಲೆ. 'ಒತ್ತಿದ್ರೆ ಮುಂದೆ ಟಿಣ್ ಅನ್ನೋದು. ನನಗೆ ಅದನ್ನ ಒತ್ತೋ ಕೆಲಸಾನೇ ಬರ್ತಿರ್ಲಿಲ್ಲ. ಮೂರು ವಾರ ದಿನಾ ಅದ್ರಲ್ಲೇ ಹೋಗ್ತಿದ್ನಲ್ಲ, ಡ್ರೈವರಿಗೆ ನನ್ನ ಗುರುತಿತ್ತು, ನನ್ನ ಸ್ಟಾಪಲ್ಲಿ ಅವನೇ ನಿಲ್ಲಿಸ್ತಿದ್ದ.'

ಮಾತು ಮುಗಿದ ಮೇಲೆ ಅವನಿಗೇ ಕೇಳಿಸಿತು. ಮೂಸಾನ ಮುಖದಲ್ಲಿ ನಗು ಇನ್ನೂ ಇತ್ತು, ಯಜಮಾನ ಹೋದ ಮೇಲೂ ಉಳಿದ ಚಪ್ಪಲಿಯ ಹಾಗೆ. ಅವನು ಹೃಷಿಕೇಶನನ್ನು ನೋಡಲಿಲ್ಲ. ಮುಂದಿನ ಗಾಜನ್ನು ನೋಡಿದ, ತಾನೇ ಎಷ್ಟೋ ಸಲ ಒರೆಸಿದ ಗಾಜನ್ನು. ಅವನು ಬಯ್ಯಲಿ ಎಂದು ಹೃಷಿಕೇಶ ಕಾದ. ಬೈದರೆ ತಾನೂ ಏನಾದರೂ ಹೇಳಬಹುದು, ಕೈ ಹಿಡಿದುಕೊಳ್ಳಬಹುದು, ಮುದೀರನ ಬಳಿ ಈಗಲೇ ಹೋಗೋಣ ಎನ್ನಬಹುದು. ಕ್ಯಾಂಟೀನು ಹತ್ತಿರ ಬಂತು. ಹಿಂದಿನಿಂದ ಯಾರೋ ತಗಡಿಗೆ ಒಂದು ಸಲ ತಟ್ಟಿದರು.

'ನಿಲ್ಲಿಸಿ' ಎಂದ ಮೂಸಾ. ಸಾರ್ ಎನ್ನಲಿಲ್ಲ.

ಜನ ಇಳಿದರು. ಅವರ ಹಿಂದೆ ಮೂಸಾನೂ ಇಳಿದ. ಅಂಗಿಯ ಮಡಿಕೆ ಸರಿಮಾಡಿಕೊಂಡು, ಬಾಗಿಲನ್ನು ಸದ್ದಾಗದ ಹಾಗೆ ಎಳೆದು ಹಾಕಿದ. ಹೃಷಿಕೇಶ ಕತ್ತು ತಿರುಗಿಸಿ, 'ಮೂಸಾ' ಎಂದ. ಗಾಜು ಏರಿಸಿತ್ತು. ಮೂಸಾ ಹೊರಗೆ ನಿಂತು ಬಸ್ಸಿನ ತಗಡಿಗೆ ಎರಡು ಸಲ ತಟ್ಟಿದ.